60 ಲೀಟರ್ ಸೌದೆ ಬಾಯ್ಲರ್: ಕೊಳ್ಳುವ ಮುನ್ನ ಒಳಗಿನ ಕೊಳವೆ ನೋಡಿ

ಪಾತ್ರೆ ಅಂಗಡಿಯಲ್ಲಿ ಸೌದೆ ಬಾಯ್ಲರ್ ನೋಡುವಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಹೊರಮೈಯ ಹೊಳಪಿಗೆ, ಆಮೇಲೆ ಹಿತ್ತಾಳೆ ನಲ್ಲಿಗೆ. ಅದು ಎಷ್ಟು ವರ್ಷ ಬಾಳುತ್ತದೆ, ಎಷ್ಟು ಸೌದೆ ತಿನ್ನುತ್ತದೆ ಎಂದು ತೀರ್ಮಾನಿಸುವ ಭಾಗ ಒಳಗಿದೆ. ನಡುವೆ ನೆಟ್ಟಗೆ ನಿಂತಿರುವ ಉರಿಕೊಳವೆ ಅದು. ಅದರ ಒಂದು ಮೈಗೆ ತಣ್ಣೀರು, ಇನ್ನೊಂದು ಮೈಗೆ ಉರಿ ಮತ್ತು ಹೊಗೆ. ಬಿಸಿ ಹೊಗೆ ತಣ್ಣನೆಯ ಲೋಹಕ್ಕೆ ತಾಗಿದಾಗ ಏನೇನು ಅಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದು ಗೊತ್ತಾದರೆ ಯಾವ ಬಾಯ್ಲರ್ ಕೊಳ್ಳಬೇಕು, ಯಾವುದನ್ನು ಮುಟ್ಟಬಾರದು ಎಂಬುದು ತಾನಾಗಿ ತಿಳಿಯುತ್ತದೆ. ಇಲ್ಲಿ ನೋಡುತ್ತಿರುವುದು 60 ಲೀಟರಿನ, ನಡುಕೊಳವೆಯ ಮಾದರಿಯನ್ನು. ಮಾರುಕಟ್ಟೆಯಲ್ಲಿ ಅದು ತಾಮ್ರ, ಸ್ಟೀಲು, ಜಿ.ಐ. (ಸತುವಿನ ಲೇಪದ ಕಬ್ಬಿಣ) ಎಂದು ಮೂರು ಬಗೆಯಲ್ಲಿ ಸಿಗುತ್ತದೆ.

ರಚನೆ ಸರಳ. ಸುಮಾರು 40 ಸೆಂ.ಮೀ. ಅಗಲ, 55 ಸೆಂ.ಮೀ. ಎತ್ತರದ ಉರುಳೆ. ಅದರ ನಡುವೆ ಮೇಲಿಂದ ಕೆಳಗಿನವರೆಗೆ 13 ಸೆಂ.ಮೀ. ಅಗಲದ ಕೊಳವೆ. ಕೊಳವೆಯ ಬುಡದಲ್ಲಿ ಕಂಬಿಯ ಜಾಲರಿ, ಅದರ ಕೆಳಗೆ ಬೂದಿ ತಟ್ಟೆ. ಒಳ್ಳೆಯ ಮಾದರಿಯಲ್ಲಿ ಮೇಲೊಂದು ಆಲಿಕೆ ಇರುತ್ತದೆ, ಅದರ ಸಣ್ಣ ಕೊಳವೆ ನೀರಿನೊಳಗೆ ತಳದವರೆಗೆ ಇಳಿದಿರುತ್ತದೆ. ನಲ್ಲಿ ಇರುವುದು ಮೇಲ್ಭಾಗದಲ್ಲಿ. ಒಂದು ಕೊಡ ತಣ್ಣೀರು ಸುರಿದರೆ ಅದು ತಳ ಸೇರಿ, ಮೇಲಿನ ಬಿಸಿನೀರನ್ನು ಒಂದು ಕೊಡದಷ್ಟೇ ಹೊರಗೆ ತಳ್ಳುತ್ತದೆ. ನೀರಿನ ಮಟ್ಟ ಎಂದೂ ನಲ್ಲಿಗಿಂತ ಕೆಳಗೆ ಇಳಿಯುವುದಿಲ್ಲವಾದ್ದರಿಂದ ಉರಿಯುವ ಕೊಳವೆ ನೀರಿಲ್ಲದೆ ಒಣಗುವ ಭಯವಿಲ್ಲ. ಕೆಲವು ಅಗ್ಗದ ಮಾದರಿಗಳಲ್ಲಿ ನಲ್ಲಿಯನ್ನು ಬುಡದಲ್ಲಿ ಇಟ್ಟಿರುತ್ತಾರೆ. ಅದನ್ನು ಕೊಳ್ಳಲೇಬೇಡಿ. ಬುಡದ ನಲ್ಲಿಯಲ್ಲಿ ಮೊದಲು ಬರುವುದು ತಣ್ಣನೆಯ ನೀರು. ಯಾರೋ ಒಬ್ಬರು ನಲ್ಲಿ ತೆರೆದು ಮರೆತರೆ ಒಳಗೆ ನೀರು ಖಾಲಿ, ನಡುವೆ ಕೆಂಡ. ಸೀಸ ಮತ್ತು ತವರ ಬೆರೆತ ಮೆದು ಬೆಸುಗೆ 183 ಡಿಗ್ರಿಗೇ ಕರಗತೊಡಗುತ್ತದೆ. ಬ್ರೇಸಿಂಗ್ (ಹಿತ್ತಾಳೆಯಂಥ ಗಟ್ಟಿ ಲೋಹ ಕರಗಿಸಿ ಕೂಡಿಸುವುದು) ಮಾಡಿದ ಬೆಸುಗೆ 600 ಡಿಗ್ರಿ ದಾಟುವವರೆಗೆ ಅಲುಗುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಕೊಳವೆಯ ಜೋಡಣೆ ಬ್ರೇಸಿಂಗೋ ಮೆದು ಬೆಸುಗೆಯೋ ಎಂಬುದು. ಬ್ರೇಸಿಂಗ್ ಗೆರೆ ಹಳದಿ ಅಥವಾ ತಾಮ್ರದ ಬಣ್ಣಕ್ಕಿರುತ್ತದೆ, ಉಗುರಿನಿಂದ ಒತ್ತಿದರೆ ಗೀರು ಬೀಳುವುದಿಲ್ಲ. ಮೆದು ಬೆಸುಗೆ ಬೂದುಬಣ್ಣದ್ದು, ಚಾಕುವಿನ ಮೊನೆಗೆ ಸುಲಭವಾಗಿ ಕೆತ್ತುತ್ತದೆ. ಸೀಸದ ಬೆಸುಗೆಯ ಬಾಯ್ಲರಿನ ನೀರನ್ನು ಅಡುಗೆಗೂ ಕುಡಿಯಲಿಕ್ಕೂ ಬಳಸಬಾರದು.

ಇನ್ನು ಹೊಸ ಬಾಯ್ಲರ್ ತಂದವರಿಂದ ಅಂಗಡಿಗೆ ಬರುವ ದೂರು. ಮೊದಲ ಉರಿ ಹಾಕಿದ ಹತ್ತು ನಿಮಿಷದೊಳಗೆ ಕೊಳವೆಯ ಒಳಗೋಡೆ ಮಂಜು ಹಿಡಿದಂತೆ ಮಾಸಲಾಗುತ್ತದೆ, ಮಂಜು ಹನಿಯಾಗುತ್ತದೆ, ಹನಿಗಳು ಕೂಡಿ ಗೆರೆಯಾಗಿ ಇಳಿದು ಜಾಲರಿಯ ಕೆಂಡದ ಮೇಲೆ ಚುಯ್ ಎನ್ನುತ್ತವೆ. ಬೂದಿ ತಟ್ಟೆಯಲ್ಲಿ ಕಂದು ನೀರು ನಿಲ್ಲುತ್ತದೆ. 'ಬೆಸುಗೆ ಬಿಟ್ಟಿದೆ, ಸೋರುತ್ತಿದೆ' ಎಂದು ಬಾಯ್ಲರನ್ನು ಹೊತ್ತುಕೊಂಡು ವಾಪಸ್ಸು ಬರುತ್ತಾರೆ. ಸಾಮಾನ್ಯವಾಗಿ ಅದು ಸೋರಿಕೆ ಆಗಿರುವುದಿಲ್ಲ. ಬಾಯ್ಲರ್ ಬೆವರುತ್ತಿರುತ್ತದೆ.

ಒಣ ಕಟ್ಟಿಗೆಯ ತೂಕದಲ್ಲಿ ಸುಮಾರು ಶೇ. 6ರಷ್ಟು ಹೈಡ್ರೋಜನ್ ಇರುತ್ತದೆ. ಅದು ಉರಿದಾಗ ಪ್ರತಿ ಕಿಲೋ ಒಣ ಕಟ್ಟಿಗೆಯಿಂದ ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರು ಹಬೆಯಾಗಿ ಹೊರಬರುತ್ತದೆ. ಕಟ್ಟಿಗೆಯಲ್ಲಿ ಮೊದಲೇ ಇರುವ ಹಸಿ ಬೇರೆ. 60 ಲೀಟರ್ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ನೀರಿಗೆ ಬೇಕಾದ ಶಾಖ ಸುಮಾರು 9.5 ಮೆಗಾಜೂಲ್. ಉರಿಯ ಶಾಖದಲ್ಲಿ ಶೇ. 45 ನೀರಿಗೆ ಸೇರಿತು ಎಂದು ಹಿಡಿದರೆ, ಶೇ. 20 ತೇವ ಇರುವ ಒಣಗಿದ ಸೌದೆ ಒಂದೂವರೆ ಕಿಲೋ ಸಾಕು. ಆ ಉರಿಯಲ್ಲಿ ಹುಟ್ಟುವ ಹಬೆ ಸುಮಾರು ಒಂದು ಲೀಟರ್ ನೀರಿನಷ್ಟು. ಅದೇ ಕೆಲಸವನ್ನು ಅರ್ಧಕ್ಕರ್ಧ ತೇವ ಇರುವ ಹಸಿ ಸೌದೆಯಲ್ಲಿ ಮಾಡಿಸಿದರೆ ಎರಡೂವರೆ ಕಿಲೋಗಿಂತ ಹೆಚ್ಚು ಬೇಕು, ಹಬೆ ಎರಡು ಲೀಟರ್ ದಾಟುತ್ತದೆ. ಅಷ್ಟೂ ಹಬೆ ಒಂದೇ ಒಂದು ಕೊಳವೆಯ ಮೂಲಕ ಹಾದುಹೋಗಬೇಕು. ಅದರಲ್ಲಿ ಹತ್ತನೇ ಒಂದು ಪಾಲು ಗೋಡೆಗೆ ತಗುಲಿ ನೀರಾದರೂ ಬೂದಿ ತಟ್ಟೆಯಲ್ಲಿ ನೀರು ನಿಲ್ಲಲು ಸಾಕು.

ಹೊಗೆಯಲ್ಲಿರುವ ಹಬೆ ಯಾವ ಉಷ್ಣತೆಗೆ ಇಳಿದರೆ ಇಬ್ಬನಿಗಟ್ಟುತ್ತದೆ ಎಂಬುದಕ್ಕೂ ಲೆಕ್ಕವಿದೆ. ಒಣ ಸೌದೆಯ ಹೊಗೆಯಲ್ಲಿ ಅದು 45ರಿಂದ 50 ಡಿಗ್ರಿಯ ಆಸುಪಾಸು, ಹಸಿ ಸೌದೆಯಾದರೆ 55ರಿಂದ 60. ಮಳೆಗಾಲದ ಮಲೆನಾಡಿನಲ್ಲಿ ಒಲೆ ಎಳೆದುಕೊಳ್ಳುವ ಗಾಳಿಯೇ ತೇವದಿಂದ ತುಂಬಿರುವುದರಿಂದ ಇನ್ನೆರಡು ಮೂರು ಡಿಗ್ರಿ ಸೇರಿಸಿಕೊಳ್ಳಿ. ಹೊಗೆ 500 ಡಿಗ್ರಿ ಇದ್ದರೂ ಲೆಕ್ಕಕ್ಕೆ ಬರುವುದು ಗೋಡೆಯ ಉಷ್ಣತೆ. ಹಿಂದೆ ನೀರು ನಿಂತಿರುವ ತೆಳು ಲೋಹದ ಗೋಡೆ ನೀರಿಗಿಂತ ಒಂದೆರಡು ಡಿಗ್ರಿಯಷ್ಟೇ ಬಿಸಿ ಇರುತ್ತದೆ. ಹಾಗಾಗಿ 22 ಡಿಗ್ರಿಯ ನೀರು 55 ದಾಟುವವರೆಗೆ ಕೊಳವೆ ಬೆವರುತ್ತಲೇ ಇರುತ್ತದೆ, ದಾಟಿದ ಮೇಲೆ ತಾನಾಗಿ ನಿಲ್ಲುತ್ತದೆ.

ಸೋರಿಕೆಯೋ ಬೆವರೋ ಎಂದು ತಿಳಿಯಲು ಒಂದು ರಾತ್ರಿ ಸಾಕು. ಬಾಯ್ಲರ್ ತುಂಬಾ ನೀರು ತುಂಬಿ, ಉರಿ ಹಾಕದೆ, ಬೂದಿ ತಟ್ಟೆಯನ್ನು ಒರೆಸಿ, ಅದರಲ್ಲಿ ಹಳೆಯ ಪತ್ರಿಕೆಯ ಹಾಳೆ ಹಾಸಿ ಬಿಡಿ. ಬೆಳಿಗ್ಗೆ ಹಾಳೆ ಒದ್ದೆಯಾಗಿದ್ದರೆ ಸೋರಿಕೆ. ಗರಿಗರಿಯಾಗಿದ್ದು, ಉರಿ ಹಾಕಿದಾಗ ಮಾತ್ರ ಹನಿಯುತ್ತಿದ್ದರೆ ಅದು ಹೊಗೆಯ ನೀರು. ವಾಸನೆಯೂ ಹೇಳುತ್ತದೆ. ಸೋರಿದ ನೀರಿಗೆ ವಾಸನೆ ಇರುವುದಿಲ್ಲ. ಬೆವರಿದ ನೀರು ಕಂದು, ಹುಳಿ ಹುಳಿ ವಾಸನೆ, ಬೆರಳಿಗೆ ಅಂಟು. ಆ ಹುಳಿ ಅಸಿಟಿಕ್ ಆಮ್ಲದ್ದು. ವಿನಿಗರಿನಲ್ಲಿ ಇರುವುದೂ ಅದೇ. ಮರದ ದಿಮ್ಮಿ ಕಾಯುವಾಗ, ಉರಿ ಹತ್ತುವ ಮೊದಲೇ, ಒಳಗಿಂದ ಹೊರಡುವ ಆವಿಗಳಲ್ಲಿ ಅದು ಇರುತ್ತದೆ. ಚೆನ್ನಾಗಿ ಹತ್ತಿದ ಉರಿಯಲ್ಲಿ ಸುಟ್ಟುಹೋಗುತ್ತದೆ, ಹೊಗೆಯಾಡುವ ಉರಿಯಲ್ಲಿ ಹಾಗೇ ಗೋಡೆಗೆ ಬರುತ್ತದೆ.

ನೀರು, ಹುಳಿ ಇವು ಬೇಗ ಬಂದು ಬೇಗ ಹೋಗುವಂಥವು. ನಿಂತು ಕಾಡುವುದು ಟಾರು. ಕಟ್ಟಿಗೆಯ ಆವಿಯಲ್ಲಿರುವ ಭಾರವಾದ ಎಣ್ಣೆಗಳು ಒಂದೇ ಉಷ್ಣತೆಗೆ ಇಬ್ಬನಿಗಟ್ಟುವುದಿಲ್ಲ. ಮುನ್ನೂರು ಡಿಗ್ರಿಯ ಆಸುಪಾಸಿನಿಂದ ಶುರುವಾಗಿ ಕೈ ಬೆಚ್ಚಗಾಗುವಷ್ಟು ಬಿಸಿಯವರೆಗೆ ಒಂದೊಂದಾಗಿ ಕೂರುತ್ತಾ ಹೋಗುತ್ತವೆ. ಆದ್ದರಿಂದ ನೀರು 55 ದಾಟಿತು, ಇನ್ನು ಹಸಿ ದಿಮ್ಮಿ ತುರುಕಬಹುದು ಎಂಬ ಲೆಕ್ಕ ತಪ್ಪು. ನೀರು ಕುದಿಯುತ್ತಿದ್ದರೂ ಗೋಡೆ 100 ಡಿಗ್ರಿಯ ಹತ್ತಿರವೇ ಇರುತ್ತದೆ, ಭಾರದ ಎಣ್ಣೆಗಳಿಗೆ ಅದೂ ತಣ್ಣನೆಯ ಜಾಗವೇ. ಟಾರಿಗೆ ಇರುವ ಮದ್ದು ಒಂದೇ, ಅದು ಗೋಡೆ ಮುಟ್ಟುವ ಮೊದಲು ಉರಿಯಲ್ಲೇ ಸುಟ್ಟುಹೋಗುವಂತೆ ಮಾಡುವುದು. ಒಣ ಸೌದೆ, ಸಾಕಷ್ಟು ಗಾಳಿ, ಹಳದಿಯಾಗಿ ನೆಗೆಯುವ ಜ್ವಾಲೆ.

ಮೂರನೆಯದು ಮಸಿ. ಇದು ಆವಿಯಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಇದ್ದಿಲ ಕಣ. ಆದರೂ ತಣ್ಣನೆಯ ಗೋಡೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಕಣದ ಒಂದು ಬದಿಗೆ ಬಿಸಿ ಅನಿಲ, ಇನ್ನೊಂದು ಬದಿಗೆ ತಣ್ಣನೆಯ ಅನಿಲ ಇದ್ದಾಗ ಬಿಸಿ ಬದಿಯ ಅಣುಗಳು ಹೆಚ್ಚು ಜೋರಾಗಿ ಗುದ್ದುತ್ತವೆ, ಕಣ ತಂಪಿನ ಕಡೆಗೆ ಸರಿಯುತ್ತದೆ. ಬಿಸಿ ವಸ್ತುವಿನ ಸುತ್ತ ದೂಳಿಲ್ಲದ ತೆಳು ಪದರ ಉಳಿಯುವುದನ್ನು ಜಾನ್ ಟಿಂಡಲ್ 1870ರಲ್ಲೇ ಗುರುತಿಸಿದ್ದರು. ಅದರ ತಿರುವುಮುರುವು ನಮ್ಮ ಕೊಳವೆಯಲ್ಲಿ ನಡೆಯುತ್ತದೆ. ಅಡುಗೆಮನೆಯ ಜಂತಿಗೆ ಇಲ್ಲಣ ಕಟ್ಟಲು ವರ್ಷಗಳು ಬೇಕಾದರೆ, ನೀರು ತುಂಬಿದ ಕೊಳವೆಗೆ ಮಸಿ ಹಿಡಿಯಲು ಒಂದು ವಾರ ಸಾಕಾಗುವುದಕ್ಕೆ ಇದೂ ಒಂದು ಕಾರಣ. ಮಸಿ ಒಂದೇ ಇದ್ದರೆ ತೊಂದರೆ ಕಡಿಮೆ, ಬ್ರಷ್ ಆಡಿಸಿದರೆ ಉದುರುತ್ತದೆ. ಬೆವರಿನ ಮೇಲೆ ಕೂತ ಮಸಿ ಕೆಸರಾಗುತ್ತದೆ, ಟಾರಿನ ಮೇಲೆ ಕೂತದ್ದು ಅರಗಿನಂತೆ ಗಟ್ಟಿಯಾಗುತ್ತದೆ.

ನಾಲ್ಕನೆಯದು ಉಪ್ಪು. ತೆಂಗಿನ ಸಿಪ್ಪೆ, ಮಟ್ಟೆ ಹೆಚ್ಚು ಉರಿಸುವ ಮನೆಗಳಿಗೆ ಇದು ಮುಖ್ಯ. ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಸಿಯಂ, ಕ್ಲೋರಿನ್ ಎರಡೂ ಹೆಚ್ಚು. ಜ್ವಾಲೆಯ ಬಿಸಿಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಆವಿಯಾಗಿ ಏಳುತ್ತದೆ. ಗೋಡೆಯ ಹತ್ತಿರದ ತೆಳು ಪದರಕ್ಕೆ ಬರುತ್ತಲೇ ತಣಿದು, ಒಂದಿಷ್ಟು ನೇರವಾಗಿ ಗೋಡೆಗೆ, ಇನ್ನೊಂದಿಷ್ಟು ಗಾಳಿಯಲ್ಲೇ ನುಣುಪು ಮಂಜಾಗಿ ಆಮೇಲೆ ಗೋಡೆಗೆ ಅಂಟುತ್ತದೆ. ಅದಕ್ಕೆ ಗೋಡೆ 25 ಡಿಗ್ರಿಯೋ 95 ಡಿಗ್ರಿಯೋ ಎಂಬುದು ಒಂದೇ, ಎರಡೂ ಅದು ಇಬ್ಬನಿಗಟ್ಟುವ ಬಿಸಿಗಿಂತ ಎಷ್ಟೋ ಕೆಳಗೆ. ಮಸಿಯ ನಡುವೆ ಬಿಳಿಚು ಬೂದು ಪುಡಿಯಾಗಿ ಕಾಣುತ್ತದೆ. ಉರಿಯುವಾಗ ಅದರಿಂದ ಹಾನಿಯಿಲ್ಲ. ಮಳೆಗಾಲದಲ್ಲಿ ಬಾಯ್ಲರ್ ನಾಲ್ಕು ದಿನ ಸುಮ್ಮನೆ ನಿಂತಾಗ ಈ ಉಪ್ಪುಗಳು ಗಾಳಿಯ ತೇವ ಹೀರಿ ನೀರಾಗುತ್ತವೆ. ಪೊಟ್ಯಾಸಿಯಂ ಕ್ಲೋರೈಡಿಗೆ ಗಾಳಿಯಲ್ಲಿ ಶೇ. 85ರಷ್ಟು ತೇವ ಬೇಕು, ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟಿಗೆ ಅದರ ಅರ್ಧವೂ ಸಾಕು. ಆಗ ಸ್ಟೀಲಿನ ಮೈಮೇಲೆ ಉಪ್ಪುನೀರಿನ ಹನಿ ದಿನವಿಡೀ ಕೂತಂತೆ. ಕಬ್ಬಿನ ಸಿಪ್ಪೆ ಉರಿಸುವ ಸಕ್ಕರೆ ಕಾರ್ಖಾನೆಗಳ ದೊಡ್ಡ ಬಾಯ್ಲರುಗಳಿಗೂ ಪೊಟ್ಯಾಸಿಯಂ ಉಪ್ಪಿನ ಕಾಟ ಇದ್ದದ್ದೇ.

ಈಗ ಲೋಹಗಳ ವಿಚಾರ. 'ತಾಮ್ರ ಬೇಗ ಕಾಯುತ್ತದೆ' ಎಂದು ಎಲ್ಲ ಅಂಗಡಿಯವರೂ ಹೇಳುತ್ತಾರೆ. ಶಾಖ ಸಾಗಿಸುವುದರಲ್ಲಿ ತಾಮ್ರ ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು 25 ಪಟ್ಟು ಮುಂದಿದೆ, ಅದು ನಿಜ. ಆದರೆ ಬಾಯ್ಲರಿನಲ್ಲಿ ಶಾಖಕ್ಕೆ ತಡೆ ಇರುವುದು ಲೋಹದಲ್ಲಲ್ಲ, ಹೊಗೆಯಿಂದ ಗೋಡೆಗೆ ದಾಟುವ ಕಡೆ. ಒಂದು ಮಿ.ಮೀ. ತಗಡಿನ ತಡೆ ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಒಂದೇ ಅಳತೆಯ ತಾಮ್ರದ ಮತ್ತು ಸ್ಟೀಲಿನ ಬಾಯ್ಲರ್ ಎರಡೂ ಚೊಕ್ಕಟವಾಗಿದ್ದರೆ ನೀರು ಕಾಯುವ ಹೊತ್ತಿನಲ್ಲಿ ಗುರುತಿಸುವಷ್ಟು ವ್ಯತ್ಯಾಸ ಬರುವುದಿಲ್ಲ. ವ್ಯತ್ಯಾಸ ತರುವುದು ಮಸಿ. ಹಗುರವಾಗಿ ಕೂತ ಒಂದು ಮಿ.ಮೀ. ಮಸಿ ಶಾಖಕ್ಕೆ ಒಡ್ಡುವ ತಡೆ ಹಲವು ಮೀಟರ್ ದಪ್ಪದ ತಾಮ್ರದ ಗಟ್ಟಿಗೆ ಸಮ. ಎರಡು ತಿಂಗಳು ಉಜ್ಜದ ತಾಮ್ರದ ಬಾಯ್ಲರಿಗಿಂತ ವಾರಕ್ಕೊಮ್ಮೆ ಉಜ್ಜುವ ಸ್ಟೀಲು ಬಾಯ್ಲರ್ ಬೇಗ ಕಾಯುತ್ತದೆ.

ಹಾಗಿದ್ದರೂ ನಮ್ಮ ಮೊದಲ ಆಯ್ಕೆ ತಾಮ್ರವೇ, ಬಾಳಿಕೆಯ ಕಾರಣಕ್ಕೆ. ಹುಳಿ ನೀರು ತಾಮ್ರಕ್ಕೂ ತಾಗುತ್ತದೆ, ಹಸಿರು ಕಿಲುಬು ಕಟ್ಟುತ್ತದೆ. ಅದು ಮೈಯೆಲ್ಲಾ ಒಂದೇ ಸಮನೆ, ನಿಧಾನವಾಗಿ ಸವೆಯುವ ಬಗೆ. ಒಂದೇ ಕಡೆ ಸೂಜಿ ಚುಚ್ಚಿದಂತೆ ತೂತಾಗುವುದು ಕಡಿಮೆ. ತೂತಾದರೂ ಊರಿನ ಬೆಸುಗೆಯವರೇ ಸರಿಮಾಡಬಲ್ಲರು, ಹಳೆಯದಾದ ಮೇಲೆ ತೂಕಕ್ಕೆ ಬೆಲೆಯೂ ಉಂಟು.

ತೂಕದ ಮಾತು ಬಂತಲ್ಲ, ತಾಮ್ರದ ಬಾಯ್ಲರನ್ನು ತಕ್ಕಡಿಗೆ ಹಾಕಿಸಿಯೇ ಕೊಳ್ಳಿ. ಮೇಲೆ ಹೇಳಿದ ಅಳತೆಯಲ್ಲಿ ಹೊರಗೋಡೆ, ಕೊಳವೆ, ಮೇಲು-ತಳ ಸೇರಿ ತಗಡಿನ ಒಟ್ಟು ವಿಸ್ತೀರ್ಣ ಸುಮಾರು 1.14 ಚದರ ಮೀಟರ್. 18 ಗೇಜಿನ (1.22 ಮಿ.ಮೀ.) ತಗಡಾದರೆ ಬರಿಯ ಮೈ ಸುಮಾರು 12 ಕಿಲೋ ತೂಗಬೇಕು, 20 ಗೇಜಾದರೆ 9 ಕಿಲೋ ಚಿಲ್ಲರೆ, 22 ಗೇಜಾದರೆ 7 ಕಿಲೋ ಚಿಲ್ಲರೆ. ನಲ್ಲಿ, ಕಾಲು, ಜಾಲರಿಗಳನ್ನು ಬಿಚ್ಚಿ ತೂಗಿಸಬೇಕು. ಅವು ಸಾಮಾನ್ಯವಾಗಿ ಬೇರೆ ಲೋಹದವು, ತಾಮ್ರದ ದರಕ್ಕೆ ಕಬ್ಬಿಣ ಕೊಂಡಂತಾಗಬಾರದು. ಕೆಲವರು ಹೊರಮೈಗೆ ದಪ್ಪ ತಗಡು ಹಾಕಿ ಕೊಳವೆಗೆ ತೆಳು ತಗಡು ಹಾಕುತ್ತಾರೆ. ಬೇಕಾದದ್ದು ಇದಕ್ಕೆ ಉಲ್ಟಾ. ಕೊಳವೆಯ ಮೇಲಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರೆ ದಪ್ಪ ಗೊತ್ತಾಗುತ್ತದೆ. ಅಂಚನ್ನು ಮಡಿಚಿದ್ದರೆ ಮಾತ್ರ ಮೋಸಹೋಗಬೇಡಿ, ಮಡಿಕೆಯ ಒಳಗೆ ನೋಡಿ. 20 ಗೇಜಿಗಿಂತ ತೆಳ್ಳಗಿನ ಕೊಳವೆ ಬೇಡ.

ಸ್ಟೀಲಿನಲ್ಲಿ 304 ದರ್ಜೆ ಒಳ್ಳೆಯದು, 202 ಬೇಡ. ಎರಡೂ ಒಂದೇ ರೀತಿ ಹೊಳೆಯುತ್ತವೆ. ಅಯಸ್ಕಾಂತ ಹಿಡಿದು ನೋಡುವ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಎರಡಕ್ಕೂ ಅಯಸ್ಕಾಂತ ಅಂಟುವುದಿಲ್ಲ. 304ರಲ್ಲಿ ನಿಕ್ಕಲ್ ಶೇ. 8ರಷ್ಟು ಇದ್ದರೆ 202ರಲ್ಲಿ 4ರಿಂದ 6 ಮಾತ್ರ, ಉಳಿದದ್ದನ್ನು ಮ್ಯಾಂಗನೀಸ್‌ನಿಂದ ತುಂಬಿಸಿರುತ್ತಾರೆ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಅದೇ ಉತ್ತರ. ತೆಂಗಿನ ಸಿಪ್ಪೆಯೇ ಮುಖ್ಯ ಸೌದೆಯಾದ ಕರಾವಳಿ ಮತ್ತು ತುಮಕೂರು, ಅರಸೀಕೆರೆ ಕಡೆಯ ಮನೆಗಳಿಗೆ 202 ಸ್ಟೀಲು ಖಂಡಿತಾ ಆಗದು. ಕ್ಲೋರೈಡ್ ಹನಿ ಕೂತಲ್ಲಿ ಸಾಸಿವೆ ಗಾತ್ರದ ಕಂದು ಚುಕ್ಕೆ ಏಳುತ್ತದೆ, ಮೇಲೆ ಚುಕ್ಕೆ ಕಂಡರೂ ಒಳಗೆ ಅದು ತೂತಿನ ದಾರಿ. 304ಕ್ಕೂ ಈ ತೊಂದರೆ ಪೂರ್ತಿ ತಪ್ಪಿದ್ದಲ್ಲ, ಉಪ್ಪನ್ನು ಕೂತಿರಲು ಬಿಡದಿದ್ದರೆ ಬಾಳುತ್ತದೆ.

ಜಿ.ಐ. ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಅದರ ಮೇಲಿನ ಸತುವಿನ ಲೇಪ ಹುಳಿ ನೀರಿಗೆ ಕರಗಿಹೋಗುತ್ತದೆ, ಆಮೇಲೆ ಉಳಿಯುವುದು ಬರಿಯ ಕಬ್ಬಿಣ. ಹೊರಗವಚಕ್ಕೆ ಸರಿ, ಉರಿಕೊಳವೆಗೆ ಸಲ್ಲದು.

ಕೊಳವೆಯ ಅಗಲವನ್ನೂ ಅಳೆಯಿರಿ. 10 ಸೆಂ.ಮೀ. ಕೊಳವೆಯಲ್ಲಿ ಸುತ್ತಲೂ ಅರ್ಧ ಸೆಂ.ಮೀ. ಮಸಿ ಕಟ್ಟಿದರೆ ಹೊಗೆಯ ದಾರಿ ಐದನೇ ಒಂದು ಪಾಲು ಕಡಿಮೆಯಾಗುತ್ತದೆ. ದಾರಿ ಕಿರಿದಾದರೆ ಎಳೆತ ಕಡಿಮೆ, ಎಳೆತ ಕಡಿಮೆಯಾದರೆ ಗಾಳಿ ಸಾಲದು, ಗಾಳಿ ಸಾಲದಿದ್ದರೆ ಇನ್ನಷ್ಟು ಟಾರು. 12ರಿಂದ 14 ಸೆಂ.ಮೀ. ಇದ್ದರೆ ಕೈ ಮತ್ತು ಬ್ರಷ್ ಎರಡೂ ಒಳಗೆ ಹೋಗುತ್ತವೆ. ಶಾಖ ಹೆಚ್ಚು ಹೀರಲೆಂದು ಕೆಲವು ಮಾದರಿಗಳಲ್ಲಿ ಕೊಳವೆಯೊಳಗೆ ತಿರುಚಿದ ತಗಡಿನ ಪಟ್ಟಿ ಇಟ್ಟಿರುತ್ತಾರೆ. ಅದು ಹೊಗೆಯನ್ನು ಸುತ್ತಿಸಿ ಗೋಡೆಗೆ ತಾಗಿಸುವುದರಿಂದ ನಿಜಕ್ಕೂ ಉಪಯೋಗವಿದೆ. ಆದರೆ ಮೇಲಿನಿಂದ ಎತ್ತಿ ತೆಗೆಯುವಂತಿರಬೇಕು. ಒಳಗೇ ಬೆಸುಗೆ ಹಾಕಿದ ಪಟ್ಟಿ ಇದ್ದರೆ ಆರು ತಿಂಗಳಲ್ಲಿ ಕೊಳವೆ ಮುಚ್ಚಿಹೋಗುತ್ತದೆ, ಉಜ್ಜಲು ದಾರಿಯೇ ಇರುವುದಿಲ್ಲ. ಜಾಲರಿಯೂ ಹಾಗೆಯೇ, ಕಳಚುವಂತಿರಬೇಕು. ಜಾಲರಿ ಇಲ್ಲದೆ ನೆಲದ ಮೇಲೇ ಉರಿ ಹಾಕುವ ಮಾದರಿಗಳಲ್ಲಿ ಗಾಳಿ ಕೆಂಡದ ಅಡಿಗೆ ಸೇರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯಲ್ಲೂ ಜಾಲರಿ ಮತ್ತು ಹೊಗೆಕೊಳವೆ ಎರಡಕ್ಕೂ ಜಾಗ ಕೊಟ್ಟದ್ದು ಸುಮ್ಮನೆ ಅಲ್ಲ.

ಉರಿ ಹಾಕುವ ಕ್ರಮ ಸರಿಯಾದರೆ ಮೇಲಿನ ತೊಂದರೆಗಳಲ್ಲಿ ಮುಕ್ಕಾಲು ಭಾಗ ತಪ್ಪುತ್ತದೆ. ಹಿಂದಿನ ದಿನದ ಬೆಚ್ಚಗಿನ ನೀರು ಉಳಿದಿದ್ದರೆ ಖಾಲಿ ಮಾಡಬೇಡಿ. ಅದು 35 ಡಿಗ್ರಿ ಇದ್ದರೂ ಬೆವರುವ ಹೊತ್ತು ಮೂರನೇ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಗುತ್ತದೆ. ಮೊದಲ ಹದಿನೈದು ಇಪ್ಪತ್ತು ನಿಮಿಷ ಹೆಬ್ಬೆರಳಿಗಿಂತ ದಪ್ಪದ ಕಟ್ಟಿಗೆ ಬೇಡ. ಚೆನ್ನಾಗಿ ಒಣಗಿದ ಪುರಲೆ, ತೆಂಗಿನ ಚಿಪ್ಪು, ಸೀಳಿದ ಸರ್ವೆ ಅಥವಾ ಬಳ್ಳಾರಿ ಜಾಲಿ, ಯಾವುದು ಸಿಗುತ್ತದೋ ಅದು, ಬೂದಿ ಬಾಗಿಲು ಪೂರ್ತಿ ತೆರೆದು. ಬಾಯ್ಲರಿನ ಹೊರಮೈಯ ನಡುಭಾಗ ಕೈ ಇಟ್ಟು ತಾಳಲಾಗದಷ್ಟು ಬಿಸಿಯಾದರೆ ನೀರು 55 ದಾಟಿದೆ ಎಂದು ಅರ್ಥ. ಆಮೇಲೆ ದಪ್ಪ ಸೌದೆ ಇಡಬಹುದು, ಅದೂ ಒಂದೊಂದೇ. ಕೊಳವೆಯನ್ನು ಬಾಯಿತನಕ ತುಂಬಿಸಿದರೆ ಕೆಳಗಿನ ಬೆಂಕಿಗೆ ಮೇಲಿನ ಕಟ್ಟಿಗೆ ಕಾದು ಆವಿ ಬಿಡುತ್ತದೆ, ಆ ಆವಿಯ ಮೇಲೆ ಉರಿಯೇ ಇರುವುದಿಲ್ಲ. ಸುಡದೆ ಗೋಡೆಗೆ ಹೋಗುತ್ತದೆ. ಕಟ್ಟಿಗೆ ಕೊಳವೆಯ ಮೂರನೇ ಒಂದು ಎತ್ತರ ದಾಟಬಾರದು.

ತಣ್ಣೀರು ಸುರಿಯುವ ಹೊತ್ತು ಎಲ್ಲಕ್ಕಿಂತ ಮುಖ್ಯ. ಆಲಿಕೆಯ ನೀರು ನೇರ ತಳಕ್ಕೆ ಹೋಗುವುದರಿಂದ ಪ್ರತಿ ಕೊಡಕ್ಕೂ ಕೊಳವೆಯ ಕೆಳಗಿನ ಒಂದು ಗೇಣು ಮತ್ತೆ ತಣ್ಣಗಾಗುತ್ತದೆ. ಬಳಸಿದ ಬಾಯ್ಲರನ್ನು ಬಗ್ಗಿಸಿ ಟಾರ್ಚ್ ಹಾಕಿ ನೋಡಿದರೆ ಇದು ಕಣ್ಣಿಗೆ ಕಾಣುತ್ತದೆ. ಮೇಲ್ಭಾಗದಲ್ಲಿ ಹಗುರವಾದ ಒಣ ಮಸಿ, ನಡುವೆ ಹುರುಪೆ ಎದ್ದ ಕಪ್ಪು, ಜಾಲರಿಗಿಂತ ಸ್ವಲ್ಪ ಮೇಲೆ ಗಾಜಿನಂತೆ ಮಿರುಗುವ ಕರಿಪಟ್ಟಿ. ಉಗುರು ಜಾರುವ ಆ ಪಟ್ಟಿ ತಣ್ಣೀರಿನ ಗುರುತು. ನೀರು ತಂಪಾಗಿಟ್ಟಿರುವುದರಿಂದ ಅಲ್ಲಿ ಕೂತ ಟಾರು ಉರಿಯ ಪಕ್ಕದಲ್ಲೇ ಇದ್ದರೂ ಸುಟ್ಟುಹೋಗುವುದಿಲ್ಲ, ಕಾದು ಕಾದು ಗಟ್ಟಿಯಾಗುತ್ತದೆ ಅಷ್ಟೇ. ಹಾಗಾಗಿ ಜ್ವಾಲೆ, ಹೊಗೆ ಇರುವಾಗ ತಣ್ಣೀರು ಬೇಡ, ಕೆಂಡವಾದ ಮೇಲೆ ಸುರಿಯಿರಿ. ಕೆಂಡ ಎಂದರೆ ಬಹುಪಾಲು ಬರಿಯ ಇಂಗಾಲ. ಅದು ಉರಿದಾಗ ಹಬೆಯೂ ಹೆಚ್ಚಿಲ್ಲ, ಟಾರೂ ಇಲ್ಲ. ಗೋಡೆ ಎಷ್ಟೇ ತಣ್ಣಗಿರಲಿ, ಅಲ್ಲಿ ಕೂರುವುದಕ್ಕೆ ಹೊಗೆಯಲ್ಲಿ ಏನೂ ಇರುವುದಿಲ್ಲ. 60 ಡಿಗ್ರಿಯ 60 ಲೀಟರಿಗೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ ನೀರು 125 ಲೀಟರಿನ ಮೇಲಾಗುತ್ತದೆ, ನಾಲ್ಕೈದು ಜನರ ಸ್ನಾನಕ್ಕೆ ಅಷ್ಟು ಸಾಕು. ಬೆರಕೆಯನ್ನು ಬಕೆಟ್ಟಿನಲ್ಲಿ ಮಾಡಿಕೊಂಡರೆ ಉರಿಯ ನಡುವೆ ಹೆಚ್ಚು ಸಲ ಬಾಯ್ಲರಿಗೆ ಸುರಿಯುವ ಅಗತ್ಯವೇ ಬೀಳದು.

ಉರಿ ಹೊತ್ತಿಸಲು ಪ್ಲಾಸ್ಟಿಕ್ ಕವರ್, ಹಳೆಯ ಚಪ್ಪಲಿ, ಪೈಪಿನ ತುಂಡು ಹಾಕುವ ಅಭ್ಯಾಸ ಹಲವು ಕಡೆ ಇದೆ. ಪಿ.ವಿ.ಸಿ. ಉರಿದರೆ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬರುತ್ತದೆ. ಬೆವರಿದ ಗೋಡೆಗೆ ಅದು ಸಿಕ್ಕರೆ ತಾಮ್ರವನ್ನೂ ಸ್ಟೀಲನ್ನೂ ಒಟ್ಟಿಗೇ ತಿನ್ನುತ್ತದೆ, ಉಸಿರಾಡುವವರ ಗಂಟಲನ್ನೂ.

ಹೊಗೆಕೊಳವೆ ಜೋಡಿಸುವಾಗ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಮೇಲಿನ ತುಂಡನ್ನು ಕೆಳಗಿನ ತುಂಡಿನ ಹೊರಗೆ ಬರುವಂತೆ ಕೂರಿಸುತ್ತಾರೆ. ಹೊಗೆಕೊಳವೆಯಲ್ಲಿ ಇಳಿಯುವ ದ್ರವ ಇರುವುದು ಒಳಗೆ. ಆದ್ದರಿಂದ ಮೇಲಿನ ತುಂಡಿನ ಬಾಯಿ ಕೆಳಗಿನ ತುಂಡಿನ ಒಳಗೆ ಕೂರಬೇಕು. ಇಲ್ಲದಿದ್ದರೆ ಪ್ರತಿ ಕೀಲಿನಲ್ಲೂ ಕಂದು ರಸ ಹೊರಬಂದು ಬಚ್ಚಲುಮನೆಯ ಗೋಡೆಗೆ ಹೋಗದ ಕಲೆ ಬೀಳುತ್ತದೆ. ಅಡ್ಡ ಮಲಗಿದ ಪೈಪು ಬೇಡ, ತಿರುವು ಬೇಕೇ ಬೇಕಾದರೆ 45 ಡಿಗ್ರಿಯ ಎರಡು ತಿರುವು ಹಾಕಿಸಿ. ನೇರ ಮೇಲೇರುವ ಕಡೆ ಬುಡದಲ್ಲಿ ಟಿ ಆಕಾರದ ತುಂಡು, ಅದರ ತಳಕ್ಕೆ ಬಿಚ್ಚುವ ಮುಚ್ಚಳ ಇದ್ದರೆ ಉದುರಿದ ಮಸಿ, ಇಳಿದ ರಸ ಎರಡನ್ನೂ ಅಲ್ಲೇ ತೆಗೆಯಬಹುದು. ಹೊಗೆಕೊಳವೆಯ ಒಳಮೈ 120 ಡಿಗ್ರಿಗಿಂತ ಕೆಳಗಿಳಿದರೆ ಟಾರು ಕಟ್ಟುವುದು ಜೋರಾಗುತ್ತದೆ. ಆದ್ದರಿಂದ ಸೂರಿನ ಹೊರಗಿನ ಭಾಗ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಕಟ್ಟಿದ ಟಾರಿಗೆ ಎಂದಾದರೂ ಜ್ವಾಲೆ ತಾಗಿದರೆ ಕೊಳವೆಯೊಳಗೇ ಬೆಂಕಿ ಎದ್ದು ಭೋರೆನ್ನುತ್ತದೆ, ಹಂಚಿನ ಮಾಡಿನ ರೀಪು ಪಕ್ಕದಲ್ಲಿದ್ದರೆ ಅಪಾಯ. ಆಸ್ಬೆಸ್ಟಾಸ್ ಸಿಮೆಂಟಿನ ಪೈಪನ್ನು ಹೊಸದಾಗಿ ಹಾಕಿಸಬೇಡಿ. ಹಳೆಯದಿದ್ದರೆ ಒಣಗಿದ್ದಾಗ ಗರಗಸ ಹಚ್ಚಬೇಡಿ.

ಬಾಯ್ಲರನ್ನು ಬಚ್ಚಲುಮನೆಯ ಒಳಗೆ, ಬಾಗಿಲು ಮುಚ್ಚಿ, ಹೊಗೆಕೊಳವೆ ಇಲ್ಲದೆ ಉರಿಸುವುದು ಪ್ರಾಣಕ್ಕೆ ಕುತ್ತು. ಕೆಂಡದ ಹೊತ್ತಿನಲ್ಲಿ ಹೊಗೆ ಕಾಣುವುದಿಲ್ಲ, ಆದರೆ ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಬರುವುದು ಆಗಲೇ. ವಾಸನೆಯೂ ಇರುವುದಿಲ್ಲ. ಕೊಳವೆಯ ಬಾಯಿಗೆ ತಟ್ಟೆ ಮುಚ್ಚಿ 'ಬಿಸಿ ಹಿಡಿದಿಡುವ' ಅಭ್ಯಾಸವೂ ಬೇಡ. ಉರಿ ಇರುವಾಗ ಮುಚ್ಚಿದರೆ ಟಾರು, ಕೆಂಡ ಇರುವಾಗ ಮುಚ್ಚಿದರೆ ವಿಷಗಾಳಿ. ಪೂರ್ತಿ ಬೂದಿಯಾದ ಮೇಲೆ ಮುಚ್ಚಿ. ನೀರಿನ ಕಡೆಯ ಗಾಳಿಕೊಳವೆ (ಒಳಗಿನ ಹಬೆ ಹೊರಹೋಗುವ ಸಣ್ಣ ಕೊಳವೆ) ಮಾತ್ರ ಎಂದೂ ಮುಚ್ಚಬಾರದು. ಮೇಲಿನ ಟ್ಯಾಂಕಿಗೆ ನೇರ ಜೋಡಿಸುವವರು ಗಾಳಿಕೊಳವೆಯನ್ನು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಕ್ಕೆ ಒಯ್ಯಬೇಕು.

ಉಜ್ಜುವ ಕೆಲಸ ವಾರಕ್ಕೊಮ್ಮೆ, ತೆಂಗಿನ ಸಿಪ್ಪೆ ಉರಿಸುವವರಿಗೆ ವಾರಕ್ಕೆರಡು ಸಲ. ಒಣ ಮಸಿಗೆ ಉದ್ದ ಹಿಡಿಯ ತೆಂಗಿನ ನಾರಿನ ಬ್ರಷ್ ಸಾಕು. ಹುರುಪೆ ಎದ್ದದ್ದಕ್ಕೆ ಮರದ ಅಥವಾ ಬಿದಿರಿನ ಕೆರೆಯುವ ಪಟ್ಟಿ. ಮಿರುಗುವ ಕರಿಪಟ್ಟಿಗೆ ಒಣಗಿಸಿ ಕೆರೆಯುವುದು ವ್ಯರ್ಥ. ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂ ವಾಷಿಂಗ್ ಸೋಡಾ ಕರಗಿಸಿ, ಜರಡಿ ಹಿಡಿದ ಬೂದಿ ಬೆರೆಸಿ ಇಡ್ಲಿ ಹಿಟ್ಟಿನ ಹದಕ್ಕೆ ತನ್ನಿ. ರಾತ್ರಿ ಹಚ್ಚಿ, ಮೇಲೆ ಒದ್ದೆ ಗೋಣಿತಾಟು ಒತ್ತಿ ಬಿಡಿ. ಟಾರು ಹುಳಿ ಜಾತಿಯದು, ಕ್ಷಾರಕ್ಕೆ ಸಡಿಲಾಗುತ್ತದೆ. ಬೆಳಿಗ್ಗೆ ಬಾಯ್ಲರಿಗೆ ಬಿಸಿನೀರು ತುಂಬಿಸಿ ಕೆರೆದರೆ ಪದರ ಪದರವಾಗಿ ಏಳುತ್ತದೆ. ಕೈಗವಸು ಹಾಕಿಕೊಳ್ಳಿ. ಸ್ಟೀಲಿಗೆ ಕಬ್ಬಿಣದ ನಾರು ಮುಟ್ಟಿಸಬಾರದು, ಅದರ ಚೂರು ಕೂತಲ್ಲೇ ತುಕ್ಕು ಶುರುವಾಗುತ್ತದೆ. ಬ್ಲೀಚಿಂಗ್ ಪುಡಿಯೂ ಬೇಡ, ಅದರಲ್ಲೂ ಕ್ಲೋರಿನ್ ಇದೆ. ತಾಮ್ರದ ಹೊರಮೈಗೆ ಹುಣಸೆಹಣ್ಣು ಹಚ್ಚಿದರೆ ಹೊಳಪು ಬರುತ್ತದೆ, ತೊಳೆಯದೆ ಬಿಟ್ಟರೆ ಕಿಲುಬು. ಬೋರ್‌ವೆಲ್ಲಿನ ಗಡಸು ನೀರು ಬಳಸುವವರು ನೀರಿನ ಕಡೆ ಕಟ್ಟುವ ಬಿಳಿ ಪದರವನ್ನು ವರ್ಷಕ್ಕೆರಡು ಸಲ ಸಿಟ್ರಿಕ್ ಆಮ್ಲದ ನೀರಿನಲ್ಲಿ ತೆಗೆಯಬೇಕು. ಅದು ಮಸಿಯಷ್ಟು ತಡೆಯಲ್ಲ.

ಮಳೆಗಾಲದಲ್ಲಿ ಹತ್ತು ದಿನ ಊರಿಗೆ ಹೋಗುವುದಿದ್ದರೆ ಮಸಿ, ಬಿಳಿ ಪುಡಿ ಎರಡನ್ನೂ ಉಜ್ಜಿ, ಕೊಳವೆಯನ್ನು ನೀರಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಬೂದಿ ತಟ್ಟೆ ಖಾಲಿ ಮಾಡಿ ಹೋಗಿ. ಸ್ಟೀಲು ಬಾಯ್ಲರಿನಲ್ಲಿ ಚುಕ್ಕೆ ಏಳುವುದು ಉರಿಯುವ ದಿನಗಳಿಗಿಂತ ಇಂಥ ದಿನಗಳಲ್ಲೇ ಹೆಚ್ಚು.

ನಮ್ಮ ಆಯ್ಕೆಯ ಕ್ರಮ ಹೀಗಿದೆ. ಮೊದಲನೆಯದು ಬ್ರೇಸಿಂಗ್ ಜೋಡಣೆಯ, 20 ಗೇಜು ಅಥವಾ ಅದಕ್ಕಿಂತ ದಪ್ಪ ಕೊಳವೆಯ ತಾಮ್ರದ ಬಾಯ್ಲರ್, ನಲ್ಲಿ ಮೇಲೆ, ಜಾಲರಿ ಕಳಚುವಂಥದ್ದು. ಕಾಸು ಕಡಿಮೆಯಿದ್ದು, ಒಣ ಸೌದೆಗೆ ಕೊರತೆ ಇಲ್ಲದವರಿಗೆ ಬಿಲ್ಲಿನಲ್ಲಿ ದರ್ಜೆ ಬರೆದ 304 ಸ್ಟೀಲು. ಮಳೆಗಾಲಪೂರ್ತಿ ಹಸಿ ಸಿಲ್ವರ್ ಓಕ್, ಕಾಫಿ ಗಿಡ ಸವರಿದ ಕಡ್ಡಿಗಳನ್ನೇ ಉರಿಸಬೇಕಾದ ತೋಟದ ಮನೆಯವರು ಬಾಯ್ಲರ್ ಬದಲಿಸುವ ಮೊದಲು ಸೌದೆಗೆ ಒಂದು ಮಾಡು ಹಾಕಿಸಲಿ. ಏಪ್ರಿಲ್ ತಿಂಗಳಲ್ಲಿ ಸೀಳಿ, ಗಾಳಿಯಾಡುವಂತೆ ಅಡ್ಡಡ್ಡ ಪೇರಿಸಿ ಇಟ್ಟ ಕಟ್ಟಿಗೆ ಜೂನ್ ಹೊತ್ತಿಗೆ ಬಡಿದರೆ ಟಣ್ ಎನ್ನುವಷ್ಟು ಒಣಗಿರುತ್ತದೆ, ತುದಿಯಲ್ಲಿ ಸೀಳು ಬಿಟ್ಟಿರುತ್ತದೆ. ಅಂಥ ಸೌದೆಯಲ್ಲಿ ಹಳೆಯ ಬಾಯ್ಲರೂ ಬೆವರುವುದು ಕಡಿಮೆ.